ದೇವರ ಗಂಟೆಯ ಶಾಲೆ

ಇವತ್ತು ಬೆಳಿಗ್ಗೆ ಅಮ್ಮ ಮಂಗಳಾರತಿಗೆ ಗಂಟೆ ಬಾರಿಸಿದಾಗ ಎಂದಿನಂತೆ ತಲೆ ತಗ್ಗಿಸಿದೆ. ಭಕ್ತಿಯಿಂದ ಅಂದುಕೊಳ್ಳಬೇಡಿ, ನಾಚಿಕೆಯಿಂದ. ದೇವರ ಗಂಟೆಗೆ ನಾಚುವ ಮನುಷ್ಯ ಇಡೀ ಜೆ.ಪಿ. ನಗರದಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ, ಕೇಳಿ.

ಮೂರು ವರ್ಷದ ಹಿಂದೆ, ಮಗಳು ಇಳಾ ಎರಡನೇ ಕ್ಲಾಸಿನಲ್ಲಿದ್ದಾಗ, ಶಾಲೆ ಬಿಡಿಸಿದೆವು. ಟಾಯ್ಲೆಟ್ಟಿಗೆ ಹೋಗಲು ಕೇಳಿದರೆ ಮಿಸ್ ಬೈಯುತ್ತಾರೆಂದು ಮಗು ನೀರೇ ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ತುಂಬಿಸಿ ಕಳಿಸಿದ ಬಾಟಲಿ ಸಂಜೆ ತುಂಬಿಕೊಂಡೇ ವಾಪಸು ಬರುತ್ತಿತ್ತು. ಹೆಂಡತಿಗೆ ಆಫೀಸು, ನನಗೆ ಮನೆಯಲ್ಲೇ ಕೂತು ಪ್ರೂಫ್ ತಿದ್ದುವ ಕೆಲಸ. "ನಾನೇ ಕಲಿಸ್ತೀನಿ ಬಿಡು" ಅಂದೆ. ಆ ಧೈರ್ಯ ನೆನೆದರೆ ಈಗ ನಗು ಬರುತ್ತದೆ.

ಕಲಿಸುವುದೆಂದರೆ ನನಗೆ ಗೊತ್ತಿದ್ದದ್ದು ಶಾಲೆಯೊಂದೇ. ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಕರಿಹಲಗೆ ತಂದೆ. ಫ್ರಿಜ್ಜಿಗೆ ಟೈಮ್‌ಟೇಬಲ್ ಅಂಟಿಸಿದೆ. ಇಸ್ತ್ರಿ ಶರ್ಟು ತೊಟ್ಟೆ. ಕೆಳಗೆ ಲುಂಗಿ ಇತ್ತೆನ್ನುವುದು ಬೇರೆ ಮಾತು. ಪಾಠದ ಹೊತ್ತಿನಲ್ಲಿ ಅಪ್ಪ ಅನ್ನಬಾರದು, ಸಾರ್ ಅನ್ನಬೇಕು ಎಂದು ತಾಕೀತು ಮಾಡಿದೆ. ಪೀರಿಯಡ್ಡಿಗೆ ಬೆಲ್ ಬೇಕಲ್ಲ? ದೇವರಮನೆಯ ಗಂಟೆ ಎತ್ತಿಕೊಂಡು ಬಂದೆ.

"ಏನೋ ಇದು, ದೇವ್ರಿಗೆ ಮುಕ್ಕಾಲು ಗಂಟೆಗೊಂದು ಮಂಗಳಾರತಿನಾ?" ಎಂದಳು ಅಮ್ಮ.

"ಶಿಸ್ತು ಬೇಕಮ್ಮ."

"ಸ್ಕೂಲು ಅಂದ್ರೆ ದಿನಾ ಹೊಟ್ಟೆನೋವು ಅಂತಿದ್ದೆ ನೀನು. ಈಗ ಶಿಸ್ತು ಹೇಳ್ತಾನೆ!"

ಎರಡು ವಾರ ಹೀಗೇ ನಡೆಯಿತು. ಒಂದು ದಿನ, ಕಳೆಯುವ ಲೆಕ್ಕ ಹಾಕಿಕೊಡುತ್ತಿದ್ದೆ. ಇಳಾ ಎದ್ದು ನಿಂತು ಕಿರುಬೆರಳು ಎತ್ತಿದಳು. "ಸಾರ್, ಒಂದಕ್ಕೆ."

ಹಲಗೆಯಿಂದ ಮುಖ ತಿರುಗಿಸದೆ, "ಬೆಲ್ ಆಗ್ಲಿ, ಮೊದ್ಲು ಲೆಕ್ಕ ಮುಗ್ಸು" ಎಂದೆ.

ಟಾಯ್ಲೆಟ್ ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ. ಅವಳದೇ ಮನೆ. ಆದರೂ ಮಗು ಹೋಗಲಿಲ್ಲ. ಕಾಲಿಗೆ ಕಾಲು ಹೆಣೆದುಕೊಂಡು ಲೆಕ್ಕ ಬರೆಯಿತು. ನಾನು ತಿರುಗಿ ನೋಡುವ ಹೊತ್ತಿಗೆ ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು.

"ಸಾರಿ, ಸಾರ್" ಎಂದಳು.

ಅಷ್ಟು ದೊಡ್ಡ ಪೆಟ್ಟನ್ನು ನನಗೆ ಯಾವ ಮೇಷ್ಟ್ರೂ ಕೊಟ್ಟಿರಲಿಲ್ಲ. ಯಾರಿಂದ ಮಗುವನ್ನು ಬಿಡಿಸಿಕೊಂಡು ಬಂದಿದ್ದೆನೋ ಅವರೇ ನನ್ನ ಇಸ್ತ್ರಿ ಶರ್ಟು ತೊಟ್ಟು ಮನೆಯೊಳಗೆ ನಿಂತಿದ್ದರು. ಅವಳನ್ನು ಎತ್ತಿಕೊಂಡು ಅತ್ತುಬಿಟ್ಟೆ. ನೆಲ ನಾನೇ ಒರೆಸಿದೆ. ಅಮ್ಮ ಗಂಟೆಯನ್ನು ಹುಣಸೆಹಣ್ಣು ಹಚ್ಚಿ ತೊಳೆದು ದೇವರಮನೆಗೆ ಒಯ್ದಳು.

ಆಮೇಲೆ ಒಂದು ತಿಂಗಳು ಪಾಠವೇ ಇಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಹೆಸರು ಕೇಳುತ್ತಾ ಅಲೆದೆವು. ಜರಗನಹಳ್ಳಿ ಸ್ಟಾಪಿನಲ್ಲಿ ಕೂತು ಬಸ್ಸಿನ ಬೋರ್ಡು ಓದಿದೆವು. ಒಂದು ಮಧ್ಯಾಹ್ನ ಅಲ್ಲೇ ಅವಳು ಬಾಟಲಿ ಎತ್ತಿ ಗಟಗಟ ಕುಡಿದಳು. ನಮ್ಮ ಶಾಲೆ ಶುರುವಾದದ್ದು ಅವತ್ತು.

ಇವತ್ತು ಮಂಗಳಾರತಿ ಮುಗಿದ ಮೇಲೆ ಭಿನ್ನರಾಶಿಗೆ ಕೂತೆವು. ಛೇದದ ಬಗ್ಗೆ ನಾನು ಬಹಳ ಮುಖ್ಯವಾದದ್ದೇನನ್ನೋ ಹೇಳುತ್ತಿರುವಾಗಲೇ ಇಳಾ ಪೆನ್ಸಿಲ್ ಬಿಸಾಕಿ ಎದ್ದು ನಡೆದಳು. ಎಲ್ಲಿಗೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಖಾಲಿಯಾಗಿದ್ದ ಅವಳ ಬಾಟಲಿಗೆ ನೀರು ತುಂಬಿಸಿಟ್ಟೆ.