ಹುಲಿಗೆಮ್ಮ ಗೂಡಿಗೆ ಬೆಂಕಿಯಿಟ್ಟ ಭಾನುವಾರ

ಗುಡುಗಿದರೆ ಲೋಕವೆಲ್ಲ ಅರ್ಜುನನ ಹತ್ತು ಹೆಸರು ಹೇಳುತ್ತದೆ. ಹತ್ತೂ ಬಾಯಿಪಾಠ ಬಾರದವರು ‘ಅರ್ಜುನ, ಅರ್ಜುನ’ ಎಂದು ಹತ್ತು ಸಲ ಅಂದು ಸರಿದೂಗಿಸುತ್ತಾರೆ. ಭದ್ರಾವತಿಯ ಹುಲಿಗೆಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಆಕಾಶವನ್ನೊಮ್ಮೆ ನೋಡಿ, “ಆಯ್ತಾ?” ಎಂದು ಕೇಳುತ್ತಿದ್ದಳು.

ಅವಳು ಅನ್ನುತ್ತಿದ್ದದ್ದು ಇಷ್ಟೇ. ಆದರೆ ಈ ಒಂದು ಮಾತು ರೈಲು ಹತ್ತಿ ಶಿವಮೊಗ್ಗ ತಲುಪುವ ಹೊತ್ತಿಗೆ ಮೈಕೈ ತುಂಬಿಕೊಂಡಿರುತ್ತಿತ್ತು. ಕೋಟೆಯ ಅಂಗಡಿಗಳಲ್ಲಿ, ಹುಲಿಗೆಮ್ಮ ಗದರಿದ್ದಕ್ಕೆ ಸಿಡಿಲೊಂದು ಅರ್ಧ ದಾರಿಯಿಂದ ವಾಪಸು ಹೋಯಿತು ಎಂದರು. ದುರ್ಗಿಗುಡಿಯ ಜಗಲಿಗಳಲ್ಲಿ ಕಥೆ ಇನ್ನೂ ಬೆಳೆದು, ಇಂದ್ರನು ಮೊಂಡಾದ ವಜ್ರಾಯುಧವನ್ನು ಸಾಣೆಗೆಂದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೇ ಕಳಿಸಿದ್ದಾನೆ ಎಂಬಲ್ಲಿಗೆ ಬಂತು. ಕಾರ್ಖಾನೆಯಲ್ಲಿ ಇದ್ದಿಲು ಹೊರುತ್ತಿದ್ದ ಅವಳ ಗಂಡ ಮಾರಪ್ಪನನ್ನು ಕೇಳಿದರೆ, “ನನ್ನ ಪಾಳಿಯಲ್ಲಂತೂ ಬಂದಿಲ್ಲ” ಎನ್ನುತ್ತಿದ್ದ.

ಆಕಾಶಕ್ಕೂ ಅವಳಿಗೂ ಇದ್ದ ಜಗಳ ಹಳೆಯದು. ಮೂವತ್ತರ ದಶಕದ ಆ ವರ್ಷಗಳಲ್ಲಿ ಅವರು ಇದ್ದದ್ದು ಬಿದಿರು ತಟ್ಟಿಯ ಗುಡಿಸಲಿನಲ್ಲಿ. ಪ್ರತಿ ಬೇಸಿಗೆಯೂ ಭರಣಿ ಮಳೆಯ ಮೊದಲ ಗಾಳಿಗೆ ಅದರ ಸೂರು ಎದ್ದು, ಒಂದು ಸಲ ಬಾವಿಯ ಹತ್ತಿರ, ಇನ್ನೊಂದು ಸಲ ಪಕ್ಕದವರ ಎಮ್ಮೆಯ ಮೇಲೆ ಹೋಗಿ ಕೂತಿರುತ್ತಿತ್ತು. ಎಮ್ಮೆಯ ಮೇಲಿಂದ ಸೂರು ಇಳಿಸಿಕೊಂಡು ಬಂದ ದಿನ ಹುಲಿಗೆಮ್ಮ ತೀರ್ಮಾನಿಸಿದಳು: ಇಟ್ಟಿಗೆ ಗೋಡೆ ಕಟ್ಟಿಯೇ ಸೈ.

ಇಟ್ಟಿಗೆ ಕೊಯ್ಯುವುದೇ, ಅಂದರೆ ಮರದ ಅಚ್ಚಿಗೆ ಮಣ್ಣು ತುಂಬಿ ಹಸಿ ಇಟ್ಟಿಗೆ ತೆಗೆಯುವುದೇ, ಅವಳ ಕೆಲಸ. ಶಿವಮೊಗ್ಗದ ದುರ್ಗಿಗುಡಿಯ ಓಂಕಾರಪ್ಪ ಭದ್ರಾವತಿಯ ಊರಾಚೆ ಹಳ್ಳದ ದಂಡೆಯಲ್ಲಿ ಇಟ್ಟಿಗೆ ಗೂಡು ಇಟ್ಟಿದ್ದ. ಅವನ ಪಾಲಿನದನ್ನು ಮುಗಿಸಿ, ಸಂಜೆ ಅದೇ ಅಚ್ಚಿನಲ್ಲಿ ತನ್ನದನ್ನು ಕೊಯ್ದುಕೊಳ್ಳಲು ಅವಳಿಗೆ ಒಪ್ಪಿಗೆಯಿತ್ತು. ಮೊದಲ ಬೇಸಿಗೆಯ ಎರಡು ಸಾವಿರ ಹಸಿ ಇಟ್ಟಿಗೆ ಒಂದೇ ಮಳೆಗೆ ಕೆಸರಾದವು. ಎರಡನೆಯ ಬೇಸಿಗೆಯವೂ ಕೆಸರಾದವು. ಮೂರನೆಯ ಬೇಸಿಗೆ ಅವಳು ಮೂರು ಸಾವಿರ ಕೊಯ್ದಳು. ಒಣಗಿಸಿ, ಒಟ್ಟಿ, ಚಿಕ್ಕದೊಂದು ಗೂಡು ಕಟ್ಟಿ, ಸುತ್ತಲೂ ಮಣ್ಣು ಮೆತ್ತಿ, ಒಲೆಬಾಯಿಗೆ ಸೌದೆ ತುಂಬಿಸಿಟ್ಟಳು. ಬೆಂಕಿಯೊಂದು ಬಾಕಿ.

ಆದರೆ ಬೆಂಕಿ ಹಚ್ಚುವುದಕ್ಕೂ ಶಾಸ್ತ್ರವಿತ್ತು. ಸೋಮವಾರ ಬೆಳಿಗ್ಗೆ ಗೂಡಿಗೆ ಕುಂಕುಮವಿಟ್ಟು, ಕಾಯಿ ಒಡೆದು, ಜಾಗದ ಯಜಮಾನನೇ ಮೊದಲ ಕಿಡಿ ಮುಟ್ಟಿಸಬೇಕು. ಇಲ್ಲವಾದರೆ ಗೂಡು ಕೆಡುತ್ತದೆ, ಇಟ್ಟಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ ಎಂದು ಹಳ್ಳದ ದಂಡೆಯಲ್ಲಿ ಎಲ್ಲರೂ ನಂಬಿದ್ದರು.

ಭಾನುವಾರ ಸಂಜೆ ಐದರ ಹೊತ್ತಿಗೆ ಪಡುವಣದಲ್ಲಿ ಮೋಡ ಎದ್ದಿತು. ಕಾಡಿಗೆ ಕರಡಿಗೆಯನ್ನೇ ಮಗುಚಿದಂಥ ಮೋಡ. ಮರುದಿನದ ಪೂಜೆಗೆಂದು ಕಾಯಿ ಹಿಡಿದು ಆಗಷ್ಟೇ ರೈಲಿಳಿದು ಬಂದಿದ್ದ ಓಂಕಾರಪ್ಪ ನೋಡುತ್ತಾನೆ, ಹುಲಿಗೆಮ್ಮ ಒಲೆಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

“ಏನು ಮಾಡ್ತಿದ್ದೀಯ ಮಾರಾಯ್ತಿ?”

“ಹಚ್ತಿದ್ದೀನಿ ಧಣಿ.”

“ರಾಹುಕಾಲ ಕಣೇ ಇದು. ಆರು ಗಂಟೆವರೆಗೂ ಮುಟ್ಟಬೇಡ. ಸೋಮವಾರ ಹಚ್ಚೋಣ ಅಂತ ಹೇಳಿರಲಿಲ್ವ?”

“ನೀವು ಹೇಳಿದ್ರಿ. ಮೋಡಕ್ಕೆ ಯಾರೂ ಹೇಳಿಲ್ಲ.”

“ಗೂಡು ಕೆಟ್ರೆ ನನ್ನ ಜಾಗಕ್ಕೇ ಕೆಟ್ಟ ಹೆಸರು. ಹಚ್ಚಿದ್ರೆ ನಾಳೆಯಿಂದ ಅಚ್ಚು ಮುಟ್ಟೋ ಹಾಗಿಲ್ಲ.”

ಹುಲಿಗೆಮ್ಮ ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗೆದಳು. ಅಚ್ಚು ಹೋದರೆ ಕೂಲಿ ಹೋಯಿತು. ಗೂಡು ಹೋದರೆ ಮೂರು ಬೇಸಿಗೆ ಹೋಯಿತು. “ಅಚ್ಚು ತೊಳೆದು ಇಟ್ಟಿದ್ದೀನಿ, ತಗೊಂಡು ಹೋಗಿ” ಎಂದವಳೇ ಬೆಂಕಿ ಇಟ್ಟಳು.

ಒಣ ಸೌದೆ ಭುಗ್ಗನೆ ಹತ್ತಿಕೊಂಡಿತು. ಓಂಕಾರಪ್ಪ ಕಾಯಿಯನ್ನು ಎದೆಗವಚಿಕೊಂಡು ಹತ್ತು ಹೆಜ್ಜೆ ಹಿಂದೆ ಸರಿದು, ರಾಹು ಯಾವ ಕಡೆಯಿಂದ ಬರುತ್ತಾನೋ ಎಂದು ಸುತ್ತ ನೋಡಿದ. ಒಂದು ಗಂಟೆ ಕಳೆಯಿತು. ರಾಹು ಬರಲಿಲ್ಲ, ಮಳೆ ಬಂತು. ಗಾಳಿ, ಆಲಿಕಲ್ಲು, ಗುಡುಗು, ಎಲ್ಲ ಒಟ್ಟಿಗೇ. ಒಣಗಿದ್ದರೂ ಗೂಡಿಗೇರಿಸಲು ಒಳ್ಳೆಯ ದಿನ ಕಾಯುತ್ತಾ ಬಯಲಲ್ಲೇ ಉಳಿದಿದ್ದ ಓಂಕಾರಪ್ಪನ ಹತ್ತು ಸಾವಿರ ಹಸಿ ಇಟ್ಟಿಗೆ ಅವನ ಕಣ್ಣೆದುರೇ ಮೂಲೆ ಕಳೆದುಕೊಂಡು, ಉಂಡೆಯಾಗಿ, ಕೊನೆಗೆ ಹುಟ್ಟಿದ ಮಣ್ಣಿಗೇ ಮರಳಿದವು.

ಹುಲಿಗೆಮ್ಮನ ಗೂಡು ಮಾತ್ರ ಮಣ್ಣಿನ ಕವಚ ತೊಟ್ಟ ವೀರನಂತೆ ಹೊಗೆ ಉಗುಳುತ್ತಾ ನಿಂತಿತ್ತು. ಅಷ್ಟರಲ್ಲಿ ಮಾರಪ್ಪ ಇದ್ದಿಲಿನ ಸಲಿಕೆ ಸಮೇತ ಕಾರ್ಖಾನೆಯಿಂದ ಓಡಿ ಬಂದ. “ಹಳ್ಳದ ಮೇಲ್ಗಡೆ ಬಹಳ ಮಳೆ ಹೊಯ್ದಿದೆ. ಹಳ್ಳ ಬರ್ತಿದೆ, ಎದ್ದು ಬಾರೇ.”

ಮಧ್ಯಾಹ್ನ ಕಪ್ಪೆಗೂ ಸಾಲದಷ್ಟು ನೀರಿದ್ದ ಹಳ್ಳ, ಈಗ ಕೆಂಪಗೆ, ಮರದ ಕೊಂಬೆಗಳನ್ನು ಹೊತ್ತು ದಂಡೆ ಹತ್ತುತ್ತಿತ್ತು. ಒಲೆಬಾಯಿಗೆ ನೀರು ನುಗ್ಗಿದರೆ ಎಲ್ಲ ಮುಗಿದಂತೆ. ಹುಲಿಗೆಮ್ಮ ಎದ್ದಳು. ಆದರೆ ಮನೆ ಕಡೆ ಹೋಗಲಿಲ್ಲ, ಓಂಕಾರಪ್ಪನ ಕಡೆ ಹೋದಳು.

“ಧಣಿ, ನಿಮ್ಮ ಇಟ್ಟಿಗೆ ಹೇಗೂ ಕೆಸರಾಯ್ತು. ಬಾಚಿಕೊಳ್ಳಲಾ?”

ಎಂಥ ಮನುಷ್ಯನಾದರೂ ಆ ಪ್ರಶ್ನೆಗೆ ಸಿಟ್ಟಾಗಬೇಕು. ಓಂಕಾರಪ್ಪನಿಗೂ ಸಿಟ್ಟು ಬಂತು. ಆದರೆ ಎದುರಿಗೆ, ರಾಹುಕಾಲದಲ್ಲಿ ಹಚ್ಚಿದ ಬೆಂಕಿ ಉರಿಯುತ್ತಿತ್ತು. ಶಾಸ್ತ್ರ ನೋಡಿ ಕಾದ ಹತ್ತು ಸಾವಿರ ಇಟ್ಟಿಗೆ ಕೆಸರಾಗಿ ಕಾಲಡಿ ಹರಿಯುತ್ತಿತ್ತು. ಅವನು ಕಾಯಿಯನ್ನು ಪಕ್ಕಕ್ಕಿಟ್ಟು, ಪಂಚೆ ಎತ್ತಿ ಕಟ್ಟಿ, ಮಾರಪ್ಪನ ಕೈಯಿಂದ ಸಲಿಕೆ ಕಿತ್ತುಕೊಂಡ. ಮೂವರೂ ಸೇರಿ ಗೂಡಿನ ಸುತ್ತ ಆ ಕೆಸರಿನ ಒಡ್ಡು ಕಟ್ಟಿದರು. ನೀರು ಒಡ್ಡಿನ ತುದಿಯವರೆಗೆ ಬಂತು, ಒಂದು ಕಡೆ ಒಡೆಯಿತು. ಹುಲಿಗೆಮ್ಮ ಅಲ್ಲೇ ಕೂತು ಬೆನ್ನು ಕೊಟ್ಟಳು. ಅವಳ ಅಕ್ಕಪಕ್ಕ ಗಂಡಸರು ಕೆಸರು ತುಂಬಿದರು. ರಾತ್ರಿ ಊಟದ ಹೊತ್ತಿಗೆ ಹಳ್ಳ ಇಳಿಯಿತು.

ಹದಿನೈದು ದಿನ ಬಿಟ್ಟು ಗೂಡು ಬಿಚ್ಚಿದಾಗ ಹೊರಗಿನ ಸಾಲು ಹಸಿ, ಒಲೆಬಾಯಿಯವು ಕರಿ. ನಡುವಿನವು ಮಾತ್ರ ತಟ್ಟಿದರೆ ಟಣ್ ಎನ್ನುತ್ತಿದ್ದವು. ಮೂರು ಗೋಡೆಗೆ ಸಾಕಾದವು. ನಾಲ್ಕನೆಯದು ತಟ್ಟಿಯೇ.

ಅಚ್ಚನ್ನು ಓಂಕಾರಪ್ಪ ಕೇಳಲೂ ಇಲ್ಲ, ಒಯ್ಯಲೂ ಇಲ್ಲ. ಬದಲಿಗೆ ದುರ್ಗಿಗುಡಿಗೆ ಹೋಗಿ, ರಾಹುವನ್ನೂ ವರುಣನನ್ನೂ ಒಂದೇ ಸಂಜೆಯಲ್ಲಿ ಮಣಿಸಿದ ಮಹಾತಾಯಿಯ ಕಥೆ ಹೇಳತೊಡಗಿದ. ಕೇಳಿದವರ ಬೆರಗು ನೋಡಿ ಅವನಿಗೇ ಬೆರಗು ಹೆಚ್ಚಾಗಿ, ಒಂದು ದಿನ ಆ ಮೂರು ಗೋಡೆಯ ಮನೆಯ ಮುಂದೆ ಬಂದು ನಿಂತು ಕೇಳಿಯೇಬಿಟ್ಟ.

“ನಿಜ ಹೇಳು ತಾಯಿ. ಅಷ್ಟು ಹೇಳಿದ್ರೂ ಕೇಳದೆ ಹಚ್ಚಿದೆಯಲ್ಲ, ಆ ಧೈರ್ಯ ಎಲ್ಲಿಂದ ಬಂತು?”

ಹುಲಿಗೆಮ್ಮ ಮುದ್ದೆ ತಿರುವುತ್ತಾ ತಲೆ ಎತ್ತದೆ ಹೇಳಿದಳು:

“ಕಡ್ಡಿಪೆಟ್ಟಿಗೆಲಿ ಎರಡೇ ಕಡ್ಡಿ ಇದ್ವು ಧಣಿ. ಒದ್ದೆಯಾದ್ರೆ ಪೇಟೆವರೆಗೂ ಯಾರು ನಡೀತಾರೆ.”