'ಒಪ್ಪಿಕೊಂಡೆ' ಎಂಬ ಗುಂಡಿ

ಹನ್ನೊಂದು ವರ್ಷದಿಂದ ಸರ್ವರ್ ಕೋಣೆಯ ಪರದೆ ಕಾಯುತ್ತಿದ್ದವಳಿಗೆ ಆಫೀಸಿನವರು ಇಟ್ಟ ಹೆಸರು 'ಅಪಶಕುನ'. ಫ್ಯಾನ್ ನಿಂತರೂ ಡಿಸ್ಕ್ ಕೆಟ್ಟರೂ ಸುದ್ದಿ ತರುವವಳು ಅವಳೇ ತಾನೇ. ಪ್ರತಿ ದೋಷದ ಪಕ್ಕದಲ್ಲೂ ಪರದೆಯ ಮೇಲೆ ಒಂದು ಗುಂಡಿ ಮೂಡುತ್ತಿತ್ತು: 'ಒಪ್ಪಿಕೊಂಡೆ'. 'ನೋಡಿದೆ' ಎನ್ನಬೇಕಾದ ಕಡೆ ಯಾವನೋ ಪುಣ್ಯಾತ್ಮ ಹಾಗೆ ಅನುವಾದಿಸಿದ್ದ. ಅವಳು ಅದನ್ನು ಒತ್ತಿ ಅಲಾರಂ ನಿಲ್ಲಿಸಿ, ಹೊಸ ಡಿಸ್ಕ್ ತರಿಸಿ ಎಂದು ಮ್ಯಾನೇಜರಿಗೆ ಚೀಟಿ ಬರೆದು ಕೊಡುತ್ತಿದ್ದಳು. ಅವನು ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದ.

ಒಂದು ಸೋಮವಾರ ಎರಡು ಡಿಸ್ಕ್ ಒಟ್ಟಿಗೆ ಸತ್ತು ಆಫೀಸಿನ ಕಡತಗಳೆಲ್ಲ ಮಾಯವಾದವು. ಮೇಲಧಿಕಾರಿಗಳು ಸರ್ವರ್ ಕೋಣೆಗೇ ಇಳಿದು ಬಂದರು. ಮ್ಯಾನೇಜರ್ ದೋಷಗಳ ಪಟ್ಟಿ ಹಿಡಿದು ಓದಿದ.

"ಡಿಸ್ಕ್ ದೋಷ, ಹದಿನಾಲ್ಕು ಸಲ. ಹದಿನಾಲ್ಕು ಸಲಾನೂ ಇವಳೇ ಒಪ್ಕೊಂಡಿದಾಳೆ ಸಾರ್. ಇನ್ನೇನು ಸಾಕ್ಷಿ ಬೇಕು?"

ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಪರದೆ ಮತ್ತೆ ಕೆಂಪಾಗಿ ಅಲಾರಂ ಕಿರುಚತೊಡಗಿತು: ಮೂರನೇ ಡಿಸ್ಕ್.

"ಅದನ್ನ ಮೊದ್ಲು ಒತ್ತಮ್ಮ, ಕಿವಿ ಹೋಗ್ತಿದೆ" ಎಂದ ಮ್ಯಾನೇಜರ್.

ಅವಳು ಕುರ್ಚಿ ಬಿಟ್ಟು ಎದ್ದು, ಕೀಬೋರ್ಡನ್ನು ಅವನ ಮುಂದಕ್ಕೆ ತಳ್ಳಿದಳು.

"ಇದೊಂದನ್ನ ನೀವೇ ಒಪ್ಕೊಳ್ಳಿ ಸಾರ್."

ಅಲಾರಂ ಕಿರುಚುತ್ತಲೇ ಇತ್ತು. ಅವನು ಪಟ್ಟಿ ಮಡಚಿ ಎರಡೂ ಕೈ ಜೇಬಿಗೆ ಹಾಕಿಕೊಂಡ.