ಲೂರ್ದಿನ ದಾರಿಯಲ್ಲಿ ಆರನೆಯ ಸುತ್ತು

ವಿಜಯನಗರದ ನಮ್ಮ ಚರ್ಚಿನ ಗೇಟಿನಿಂದ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ನಾವು ಮೂವತ್ತೆಂಟು ಮಂದಿ, ಹೆಚ್ಚಿನವರು ಅರವತ್ತು ದಾಟಿದವರು. ಪೋರ್ಚುಗಲ್‌ನ ಫಾತಿಮಾ, ಸ್ಪೇನಿನ ಸಾಂಟಿಯಾಗೊ, ಕೊನೆಗೆ ಫ್ರಾನ್ಸಿನ ಲೂರ್ದು. ಲಿಸ್ಬನ್‌ನಿಂದ ಮುಂದಕ್ಕೆಲ್ಲ ಒಂದೇ ಬಸ್ಸು. ತಲೆಗೆ ಎರಡೂವರೆ ಲಕ್ಷ. ಘಟ್ಟದ ತಿರುವುಗಳಲ್ಲಿ ಅಮ್ಮನಿಗೆ ವಾಂತಿಯಾಗುವುದರಿಂದ ಡ್ರೈವರ್ ಪಕ್ಕದ ಮೊದಲ ಸಾಲು ನಮಗೆ ಸಿಕ್ಕಿತು. ಮೂಸಿ ನೋಡಲು ಅವಳ ಕೈಯಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು.

ಡ್ರೈವರ್ ಹೆಸರು ಜ್ವಾಕಿಂ. ಕೆಂಗೇರಿಯ ಲೀನಾ ಆಂಟಿ ಮೊದಲ ದಿನವೇ ಅವನನ್ನು ಜ್ವಾಕಿಮಣ್ಣ ಮಾಡಿಬಿಟ್ಟರು. ಅವನಿಗೆ ಕನ್ನಡ ಬಾರದು, ನಮಗೆ ಪೋರ್ಚುಗೀಸ್ ಬಾರದು. ಆದರೂ ಆಂಟಿಯ ಡಬ್ಬದ ಕೋಡುಬಳೆಗೆ ಅವನು ದಿನವೂ ಕೈಯೊಡ್ಡುತ್ತಿದ್ದ.

ಬಸ್ಸು ಹೊರಟ ಕೂಡಲೇ ಅಮ್ಮ ಮೈಕ್ ಹಿಡಿದು ಜಪಸರ ಹೇಳಿಸುತ್ತಿದ್ದಳು. ಹತ್ತು ಮಣಿಗಳ ಐದು ಸುತ್ತು. ಐದನೆಯದು ಮುಗಿದದ್ದೇ ಎಲ್ಲರೂ ಎದ್ದು ನಿಂತು ಮಾತೆಯ ಹಾಡು ಹಾಡುವುದು, ಆಮೇಲೆ ಕೋಡುಬಳೆ ಡಬ್ಬ ಹಿಂದಿನ ಸೀಟಿನಿಂದ ಮುಂದಕ್ಕೆ ಬರುವುದು. ಓಡುವ ಬಸ್ಸಿನಲ್ಲಿ ನಿಲ್ಲಬಾರದೆಂದು ಗೈಡ್ ಹೇಳಿ ನೋಡಿದರು.

“ಮಾತೆ ಹಾಡು ಕೂತ್ಕೊಂಡ್ ಹೇಳೋಕಾಗುತ್ತಾ ಸಾರ್?” ಎಂದರು ಬಾಪೂಜಿ ನಗರದ ಅಂತೋಣಪ್ಪ. ಗೈಡ್ ಮತ್ತೆ ಆ ಮಾತೆತ್ತಲಿಲ್ಲ.

ಫಾತಿಮಾದಲ್ಲಿ ಕಣ್ಣು ಕುಕ್ಕುವ ಬಿಸಿಲು. ಆ ದೊಡ್ಡ ಬಯಲಿನಲ್ಲಿ ಹರಕೆ ಹೊತ್ತವರು ಮೊಣಕಾಲಿನಲ್ಲಿ ಸಾಗುತ್ತಿದ್ದರು. ದೂರದಿಂದ ನೋಡಿದರೆ ನೆಲವೇ ಅವರನ್ನು ಮೆಲ್ಲಗೆ ಒಯ್ಯುತ್ತಿದೆ ಅನಿಸುತ್ತಿತ್ತು. ಸಾಂಟಿಯಾಗೊಗೆ ಅಲ್ಲಿಂದ ನಾನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅಲ್ಲಿ ಜಿಟಿಜಿಟಿ ಮಳೆ, ಪಾಚಿ ಹಿಡಿದ ಕಲ್ಲಿನ ಗೋಪುರಗಳು, ಸೊಪ್ಪು ಆಲೂಗಡ್ಡೆ ಹಾಕಿದ ಬಿಸಿ ಸೂಪು. ಆಮೇಲೆ ಎರಡು ದಿನ ಕೊಯ್ಲಾದ ಗೋಧಿ ಹೊಲಗಳ ನಡುವಿನ ರಸ್ತೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಅಮ್ಮನ ದನಿ ಕೇಳುತ್ತಲೇ ಇತ್ತು. ನಾನು ಎಲ್ಲಿದ್ದೇನೆಂಬುದೇ ಆಗಾಗ ಮರೆತುಹೋಗುತ್ತಿತ್ತು.

ಲೂರ್ದಿಗೆ ಪಿರಿನೀಸ್ ಬೆಟ್ಟಸಾಲು ದಾಟಬೇಕು. ನೆತ್ತಿಯ ಮೇಲೆ ಹಾಲಿನಂಥ ಮಂಜು. ಇಳಿಜಾರು ಶುರುವಾದ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಕಣ್ಣು ಬಿಟ್ಟೆ. ಜ್ವಾಕಿಮನ ಬಲಗಾಲು ಬ್ರೇಕನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಪೆಡಲ್ ನೆಲದವರೆಗೂ ಹೋಗುತ್ತಿತ್ತು, ಬಸ್ಸು ಮಾತ್ರ ನಿಧಾನವಾಗುತ್ತಿರಲಿಲ್ಲ. ಗೇರ್ ಇಳಿಸಿದಾಗ ಎಂಜಿನ್ ಅರಚಿತು. ಕನ್ನಡಿಯಲ್ಲಿ ನಮ್ಮ ಕಣ್ಣುಗಳು ಸೇರಿದವು. ಅವನು ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಹಿಂದಿನವರತ್ತ ತಲೆಯಾಡಿಸಿ ಅಂಗೈಯನ್ನು ಕೆಳಕ್ಕೆ ಒತ್ತಿ ತೋರಿಸಿದ: ಯಾರೂ ಏಳಬಾರದು. ರಸ್ತೆ ಬದಿಯ ಒಂದು ಫಲಕ ನಮ್ಮನ್ನು ದಾಟಿ ಹೋಯಿತು. ಬ್ರೇಕ್ ಹೋದ ಗಾಡಿಗಳು ನುಗ್ಗಿ ನಿಲ್ಲುವ ಜಲ್ಲಿಯ ದಾರಿ ಎರಡು ಕಿಲೋಮೀಟರ್ ಮುಂದಿದೆ ಎಂದು ಅದರಲ್ಲಿತ್ತು.

ಅಮ್ಮ ಐದನೆಯ ಸುತ್ತಿನ ಕೊನೆಯ ಮಣಿಗಳಲ್ಲಿದ್ದಳು. ಹಿಂದೆ ಡಬ್ಬದ ಮುಚ್ಚಳದ ಸದ್ದಾಯಿತು.

ಅವಳ ಕಿವಿಯಲ್ಲಿ ಹೇಳಿದೆ: “ಅಮ್ಮ, ಮುಗಿಸ್ಬೇಡ. ಯಾರೂ ಏಳ್ಬಾರ್ದು.”

ಅಮ್ಮ ನನ್ನ ಮುಖ ನೋಡಿದಳು, ಜ್ವಾಕಿಮನ ಕಾಲು ನೋಡಿದಳು. ಮೈಕಿನಲ್ಲಿ ಅವಳ ದನಿ ಎಂದಿನಂತೆಯೇ ಇತ್ತು: “ಇನ್ನೊಂದು ಸುತ್ತು ಜ್ವಾಕಿಮಣ್ಣಂಗೋಸ್ಕರ. ಎಲ್ರೂ ಬೆಲ್ಟ್ ಹಾಕ್ಕೊಂಡು, ತಲೆ ಬಗ್ಗಿಸಿ ಹೇಳಿ.”

“ಐದಾಯ್ತಲ್ಲ ಸಿಸಿಲಿಯಮ್ಮ, ಲೆಕ್ಕ ತಪ್ತಾ?” ಅಂತೋಣಪ್ಪನ ದನಿ.

“ಇಲ್ಲ ಅಣ್ಣ. ಬೆಲ್ಟ್ ಹಾಕ್ಕೊಳಿ.”

“ಅಷ್ಟರಲ್ಲಿ ನನ್ ಕೋಡುಬಳೆ ಮೆತ್ತಗಾಗತ್ತೆ ಕಣ್ರೀ,” ಎಂದು ಲೀನಾ ಆಂಟಿ ನಕ್ಕರು. ಆದರೂ ಒಂದರ ಹಿಂದೊಂದು ಬೆಲ್ಟುಗಳು ಟಕ್ ಎಂದವು.

ಮಣಿಮಣಿಗೂ ಹೇಳುವ ಪ್ರಾರ್ಥನೆಯ ಕೊನೆಯಲ್ಲಿ ‘ಈಗಲೂ, ನಮ್ಮ ಮರಣದ ಸಮಯದಲ್ಲೂ’ ಎಂಬ ಮಾತು ಬರುತ್ತದೆ. ತಿರುವು ತಿರುವಿಗೂ ಹಿಂದಿನಿಂದ ಆ ಮಾತು ಒಕ್ಕೊರಲಿನಲ್ಲಿ, ಸ್ವಲ್ಪ ತೂಕಡಿಕೆಯಲ್ಲಿ, ಬರುತ್ತಲೇ ಇತ್ತು. ಕಿಟಕಿಯಾಚೆ ಮಂಜಿನಲ್ಲಿ ಪೈನ್ ಮರಗಳು ಮೇಲಕ್ಕೆ ತೇಲಿ ಹೋಗುತ್ತಿದ್ದವು. ರಸ್ತೆಯ ಮೇಲೆ ಜಲ್ಲಿ ದಾರಿಯ ಗುರುತಿನ ಕೆಂಪು ಬಿಳಿ ಚೌಕಗಳು ಕಂಡವು. ಜ್ವಾಕಿಂ ಸ್ಟೇರಿಂಗ್ ತಿರುಗಿಸಿದ.

ಲಾರಿಗಟ್ಟಲೆ ಜಲ್ಲಿ ಸುರಿದಂಥ ಸದ್ದು. ಎದೆಗೆ ಬೆಲ್ಟ್ ಕಚ್ಚಿತು. ಬಸ್ಸು ಒಂದು ಕಡೆ ವಾಲಿ ನಿಂತಿತು. ಕೋಡುಬಳೆ ಡಬ್ಬ ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿತು. ಒಂದಿಬ್ಬರ ಹಣೆ ಊದಿಕೊಂಡದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಜ್ವಾಕಿಂ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅಳತೊಡಗಿದ. ಅಮ್ಮ ಎದ್ದು ಹೋಗಿ ಅವನ ಬೆನ್ನು ಸವರಿದಳು. ಮುಷ್ಟಿಯಲ್ಲಿ ನಜ್ಜಾಗಿದ್ದ ನಿಂಬೆಹಣ್ಣನ್ನು ಮೂಗಿನ ಹತ್ತಿರ ಹಿಡಿದಳು. “ಮೂಸಪ್ಪ, ಸರಿ ಹೋಗತ್ತೆ.”

ಬೇರೆ ಬಸ್ಸಿನಲ್ಲಿ ಲೂರ್ದು ತಲುಪಿದೆವು. ಸಂಜೆ ಮೇಣದ ಬತ್ತಿಗಳ ಮೆರವಣಿಗೆ. ನೂರಾರು ದೀಪ, ಎಷ್ಟೋ ಭಾಷೆ, ಒಂದೇ ಪ್ರಾರ್ಥನೆ. ಅದೆಲ್ಲ ನೀರಿನಡಿಯಿಂದ ಕೇಳಿದಂತೆ ಕೇಳಿತು. ಮಟ್ಟಸ ನೆಲದ ಮೇಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಈಗಲೂ ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಬಸ್ಸು ವೇಗ ಹಿಡಿದರೆ ಒತ್ತುತ್ತದೆ.

ಕಳೆದ ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಜಪಸರಕ್ಕೆ ಸೇರಿದ್ದರು. ಐದನೆಯ ಸುತ್ತು ಮುಗಿಯಿತು. ಇನ್ನು ಎದ್ದು ಹಾಡಬೇಕು. ಯಾರೂ ಏಳಲಿಲ್ಲ. ಲೀನಾ ಆಂಟಿ ಡಬ್ಬದ ಮುಚ್ಚಳದ ಮೇಲೆ ಕೈಯಿಟ್ಟು ಕೂತೇ ಇದ್ದರು.

ಅಂತೋಣಪ್ಪ ನೆಲ ನೋಡುತ್ತ ಹೇಳಿದರು: “ಇನ್ನೊಂದು ಹೇಳಿ ಸಿಸಿಲಿಯಮ್ಮ. ಕೂತಿರ್ತೀವಿ.”

ಅಮ್ಮ ಮೊದಲ ಮಣಿ ಹಿಡಿದಳು.